ಅರಿಶಿನದ ಮೂರು ಗೆರೆಯ ಪ್ಯಾರಾಚೂಟ್

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ನನ್ನ ಮಗಳು ತಾವು ಮುಖ್ಯಸ್ಥರಾಗಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯ ವಿಮಾನ ಹತ್ತಿ, ಆಕಾಶದಲ್ಲಿ ಅದನ್ನು ತಲೆಕೆಳಗು ಮಾಡುವ ಪಾಠ ಕಲಿಯಲಿದ್ದಾಳೆ. ಅವಳ ಮೈಗೆ ತಾವು ಕಟ್ಟಿಸುವ ಪ್ಯಾರಾಚೂಟು ನೂಲು ಕೊಳೆತ, ಸತ್ತ ರೇಷ್ಮೆಯದು. ಇದನ್ನು ತಮ್ಮ ಕಚೇರಿಗೆ ಬಂದು ಹೇಳಿದೆ, ಅರ್ಜಿ ಬರೆದು ಹೇಳಿದೆ. ತಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಊರಿನ ಕಿವಿಗಾದರೂ ಬೀಳಲೆಂದು ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ.

ಈ ೧೯೫೪ನೇ ಇಸವಿಯೇ ವಿಮಾನಗಳದ್ದಾಗಿ ಹೋಯಿತು. ಗಾಂಧಿ ಬಜಾರಿನ ಕಾಫಿ ಹೋಟೆಲಿನಲ್ಲಿ ಪತ್ರಿಕೆ ಓದುವವರಿಗೆಲ್ಲ ಇದು ಗೊತ್ತು. ಏಪ್ರಿಲ್ ಒಂದರಂದು ನಮ್ಮ ವಾಯುಸೇನೆಗೆ ಮೊಟ್ಟಮೊದಲ ಬಾರಿಗೆ ಭಾರತೀಯನೇ ದಂಡನಾಯಕನಾದಾಗ ನಾನೂ ಅಂಗಡಿಯಲ್ಲಿ ಸಕ್ಕರೆ ಹಂಚಿದೆ. ಆದರೆ ಅದೇ ವರ್ಷ ನಡೆದ ಇನ್ನೊಂದು ಸಂಗತಿ ತಮ್ಮಂಥವರು ಓದಬೇಕಾದದ್ದು. ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಹೊಚ್ಚ ಹೊಸ ಮಾದರಿಯ ಜೆಟ್ ವಿಮಾನವೊಂದು ಬಾನಿನಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಒಬ್ಬರೂ ಉಳಿಯಲಿಲ್ಲ. ದೊಡ್ಡ ದೊಡ್ಡ ತಜ್ಞರು ಕೂತು ನೋಡಿದರು. ಕಾರಣ ಏನೆಂದು ಖಚಿತವಾಗದಿದ್ದರೂ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಮತ್ತೆ ಹಾರಬಹುದೆಂದು ಅಪ್ಪಣೆ ಕೊಟ್ಟರು. ಹಾರಾಟ ಶುರುವಾಗಿ ಹದಿನೈದು ದಿನ ಆಗಿತ್ತೋ ಇಲ್ಲವೋ, ಅದೇ ಜಾತಿಯ ಇನ್ನೊಂದು ವಿಮಾನ ನೇಪಲ್ಸ್ ಕಡೆಯ ಸಮುದ್ರದಲ್ಲಿ ಹೋಯಿತು. ಆಮೇಲೆ ಬುದ್ಧಿ ಬಂತು. ಇಡೀ ವಿಮಾನವನ್ನೇ ನೀರಿನ ತೊಟ್ಟಿಯಲ್ಲಿಟ್ಟು, ಅದರ ಒಡಲು ಸೀಳುವ ತನಕ ಒತ್ತಡ ಕೊಟ್ಟು ಪರೀಕ್ಷಿಸಿದರು. ಲೋಹ ದಣಿದಿತ್ತಂತೆ. ಮೊದಲನೆಯದಕ್ಕೆ ಅಜ್ಞಾನ ಕಾರಣ ಎನ್ನೋಣ. ಎರಡನೆಯದಕ್ಕೆ ಏನೆನ್ನಬೇಕು? ತಮ್ಮ ಕಚೇರಿ ಈಗ ನಿಂತಿರುವುದು ಮತ್ತೆ ಹಾರಬಹುದೆಂದು ಕೊಟ್ಟ ಆ ಅಪ್ಪಣೆಯ ಜಾಗದಲ್ಲಿ.

ಚಿಕ್ಕಪೇಟೆಯ ಜವಳಿಯವನಿಗೆ ವಿಮಾನದ ಉಸಾಬರಿ ಯಾಕೆಂದು ತಾವು ಕೇಳಿದ್ದಿರಿ. ಉತ್ತರ ಇಲ್ಲಿದೆ. ಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಸಾಮಾನುಗಳ ಹರಾಜಿನಲ್ಲಿ ಪೇಟೆಯವರೆಲ್ಲ ಪ್ಯಾರಾಚೂಟ್ ರೇಷ್ಮೆ ಹಿಡಿದೆವು. ಬರ್ಮಾ ಕಡೆಯ ಮಳೆಯಲ್ಲಿ ನೆನೆದು, ಉಗ್ರಾಣದಲ್ಲಿ ಕೊಳೆತು ಬಂದ ಮಾಲು. ಹಾರಾಟಕ್ಕೆ ಅಯೋಗ್ಯವೆಂದು ಚೀಲಗಳ ಮೇಲೆ ಸೈನ್ಯವೇ ಮುದ್ರೆ ಒತ್ತಿತ್ತು. ನನ್ನ ತಾಯಿ ರುದ್ರಾಣಮ್ಮನವರು ಗವಿಪುರದ ಮನೆಯ ಹೊಸಿಲಲ್ಲೇ ಗಾಡಿ ತಡೆದರು. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಮುಟ್ಟಿಸದೆ ಉಡಬಾರದೆಂಬುದು ಎಲ್ಲರ ಮನೆಯ ಪದ್ಧತಿ. ನಮ್ಮ ತಾಯಿ ಅದನ್ನು ಆ ಸಾವಿನ ಮಾಲಿಗೂ ಬಿಡಲಿಲ್ಲ.

"ಯಾರ ಜೀವ ತಗೊಂಡು ಬಂದಿದೆಯೋ ಏನೋ. ಅರಿಶಿನ ಹಚ್ಚದೆ ಒಳಗೆ ತರಬೇಡ," ಅಂದರು.

ಜಗಲಿಯ ಮೇಲೆ ಕೂತು ಒಂದೊಂದನ್ನೂ ಬಿಚ್ಚಿಸಿ ಅಂಚಿಗೆ ಹಚ್ಚಿದರು. ಜೀವಮಾನವೆಲ್ಲ ವಿಭೂತಿ ಧರಿಸಿದ ಕೈ ಅದು. ಚುಕ್ಕೆ ಇಡಲು ಹೋದರೂ ಮೂರು ಬೆರಳು ಎಳೆದು ಮೂರು ಗೆರೆಯನ್ನೇ ಮೂಡಿಸುತ್ತಿತ್ತು. ಒರಳುಕಲ್ಲಿಗೆ ಸಿಕ್ಕಿ ಅವರ ನಡುಬೆರಳು ಸೊಟ್ಟಗಾಗಿದ್ದರಿಂದ ನಡುವಿನ ಗೆರೆ ಯಾವಾಗಲೂ ಅರ್ಧಕ್ಕೇ ತುಂಡಾಗುತ್ತಿತ್ತು.

ಆ ರೇಷ್ಮೆಯ ಹಣೆಬರಹ ಆಗಲೇ ಗೊತ್ತಾಯಿತು. ರವಿಕೆ ಹೊಲಿಸಿಕೊಂಡವರ ರವಿಕೆ ಎರಡು ಒಗೆತಕ್ಕೆ ಬಾಳಲಿಲ್ಲ. ಹೆಂಗಸರು ಅಂಗಡಿ ಮುಂದೆ ನಿಂತು ನನ್ನ ಮಾನ ಹರಾಜು ಹಾಕಿದರು. ಕತ್ತರಿ ಕಾಣದೆ ಉಳಿದವನ್ನು ಮದುವೆ ಚಪ್ಪರದ ಮೇಲ್ಕಟ್ಟಿಗೆಂದು ಒಬ್ಬ ಕಂಟ್ರಾಕ್ಟರ್ ಒಯ್ದ. ನಾನೂ ಮರೆತೆ. ತಾಯಿಯೂ ತೀರಿಕೊಂಡರು.

ಕಳೆದ ತಿಂಗಳು ತಮ್ಮ ಶಾಲೆಯ ವಾರ್ಷಿಕ ದಿನಕ್ಕೆ ಪೋಷಕರನ್ನೆಲ್ಲ ಕರೆದಿದ್ದಿರಿ. ನನ್ನ ಮಗಳು ಸರ್ವಮಂಗಳಾ ಹೆಮ್ಮೆಯಿಂದ ಒಂದೊಂದನ್ನೇ ತೋರಿಸುತ್ತ ಶೆಡ್ಡಿಗೆ ಕರೆದೊಯ್ದಳು. ಅಲ್ಲಿ ಗಾಳಿಯಾಡಲೆಂದು ಒಂದು ಪ್ಯಾರಾಚೂಟ್ ತೂಗುಹಾಕಿತ್ತು. ಅದರ ಅಂಚಿನಲ್ಲಿ ಮೂರು ಹಳದಿ ಗೆರೆ. ನಡುವಿನದು ಅರ್ಧಕ್ಕೇ ತುಂಡು. ತೀರಿಹೋದ ತಾಯಿಯ ಕೈ ಹಾಗೆ ಎದುರಿಗೆ ಬಂದರೆ ಏನಾಗುತ್ತದೆಂದು ತಮಗೆ ಹೇಗೆ ಹೇಳಲಿ? ಮೊದಲು ಕಣ್ಣಿಗೊತ್ತಿಕೊಂಡೆ. ಆಮೇಲೆ ಅದು ಯಾವ ಮಾಲೆಂಬುದು ನೆನಪಾಯಿತು. ಜವಳಿಯವರು ನೋಡುವ ಹಾಗೆ ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿದೆ. ಜೀವವಿರುವ ರೇಷ್ಮೆ ಸುಲಭಕ್ಕೆ ಬಿಡುವುದಿಲ್ಲ, ಬಿಟ್ಟರೂ ಚರ್ರೆಂದು ಕೂಗುತ್ತದೆ. ಇದು ನೆನೆದ ಕಾಗದದ ಹಾಗೆ ಸದ್ದಿಲ್ಲದೆ ಬಿಟ್ಟುಕೊಟ್ಟಿತು. ನನ್ನ ಹೆಬ್ಬೆರಳು ಆಚೆ ಬಂತು.

ತಮ್ಮ ಅಧಿಕಾರಿಯೊಬ್ಬರು ಓಡಿಬಂದರು. ನಾನು ಗೆರೆ ತೋರಿಸಿ ಕಥೆ ಹೇಳಿದೆ.

"ಯಜಮಾನ್ರೇ, ಇದಕ್ಕೆ ಸರ್ಕಾರದ ಸೀಲ್ ಬಿದ್ದಿದೆ. ನಿಮ್ಮ ಅರಿಶಿನ ಕುಂಕುಮ ಎಲ್ಲ ಇಲ್ಲಿ ನಡೆಯಲ್ಲ," ಅಂದರು.

ಒಪ್ಪಿದೆ, ಮಾನ್ಯರೇ. ಸರ್ಕಾರದ ಸೀಲು ಬಿದ್ದ ಮೇಲೆ ಕೊಳೆತ ನೂಲು ನಾಚಿ ಗಟ್ಟಿಯಾಗಬೇಕಲ್ಲವೇ? ಚಪ್ಪರಕ್ಕೆ ಹೋದ ಮಾಲು ಯಾವ ದಾರಿ ಸುತ್ತಿ, ಯಾರ ಕೈ ದಾಟಿ, ಹೊಸ ಚೀಲ ತೊಟ್ಟು ತಮ್ಮ ಉಗ್ರಾಣ ಸೇರಿತೆಂದು ನಾನು ಕೇಳಿದ್ದೆ. ಅದಕ್ಕೆ ತಮ್ಮಿಂದ ಬಂದ ಉತ್ತರ, ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದೇಕೆಂದು ನನಗೊಂದು ನೋಟೀಸು. ಅದರ ಕೊನೆಯ ಸಾಲು ನನ್ನ ಊಟ ನಿದ್ದೆ ಕೆಡಿಸಿದೆ: ಹಾನಿಗೊಂಡ ಭಾಗಕ್ಕೆ ತೇಪೆ ಹಾಕಿ ಪ್ಯಾರಾಚೂಟನ್ನು ಪುನಃ ಉಪಯೋಗಕ್ಕೆ ಬಿಡಲಾಗಿದೆ. ತೂಗುಹಾಕಿದ್ದು ಅದೊಂದು. ಚೀಲದೊಳಗೆ ಮಡಿಚಿ ಕೂತಿರುವ ಇನ್ನೆಷ್ಟರಲ್ಲಿ ನನ್ನ ತಾಯಿಯ ಬೆರಳಿದೆಯೋ ತಾವೂ ನೋಡಿಲ್ಲ, ನನಗೂ ನೋಡಗೊಡಲಿಲ್ಲ.

ಮಗಳನ್ನು ಬಿಡಿಸಿಕೊಂಡು ಹೋಗಬಹುದಲ್ಲ ಎನ್ನುತ್ತೀರಿ. ಪ್ರಯತ್ನಿಸಿದೆ. ಅವಳ ತಾಯಿ ಅತ್ತಳು, ನಾನು ಗದರಿದೆ. ಮಗಳು ಸ್ವಲ್ಪವೂ ದನಿ ಏರಿಸದೆ ಹೇಳಿದ ಮಾತನ್ನು ತಮ್ಮ ಕಡತಕ್ಕೆ ಸೇರಿಸಿಕೊಳ್ಳಿ.

"ಅಪ್ಪಾಜಿ, ನಾನು ಬಿಟ್ರೆ ಅದನ್ನ ಇನ್ನೊಬ್ರು ಕಟ್ಕೋತಾರೆ. ಅವರಿಗೆ ಗೊತ್ತೂ ಇರಲ್ಲ. ಅದಕ್ಕೇ ತೇಪೆ ಹಾಕಿದ್ದನ್ನ ದಿನಾ ನಾನೇ ಕೇಳಿ ತಗೋತಿದೀನಿ."

ಹೀಗಿದೆ ತಮ್ಮ ಶಾಲೆಯ ಸುರಕ್ಷತೆಯ ವ್ಯವಸ್ಥೆ. ಸಂಬಳ ತೆಗೆದುಕೊಳ್ಳುವವರು ಮಾಡದ ಕಾವಲನ್ನು ಒಬ್ಬ ಹುಡುಗಿ ತನ್ನ ಮೈಯೊಡ್ಡಿ ಮಾಡುತ್ತಿದ್ದಾಳೆ. ಬೆಳಿಗ್ಗೆ ಗವಿಪುರದ ಮೇಲೆ ವಿಮಾನದ ಸದ್ದು ಬಂದರೆ ನನ್ನ ಹೆಂಡತಿ ಒಲೆ ಬಿಟ್ಟು ಅಂಗಳಕ್ಕೆ ಬರುತ್ತಾಳೆ. ಸದ್ದು ದೂರವಾಗುವವರೆಗೆ ನಾವಿಬ್ಬರೂ ಆಕಾಶ ನೋಡುತ್ತ ನಿಲ್ಲುತ್ತೇವೆ. ನಿನ್ನೆ ಆ ಸದ್ದು ನಡುವೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅದೂ ಒಂದು ಪಾಠವಂತೆ. ನನ್ನ ಹೆಂಡತಿ ಇನ್ನೂ ಸರಿಯಾಗಿ ಊಟ ಮಾಡಿಲ್ಲ.

ನನ್ನ ಬೇಡಿಕೆ ಸಣ್ಣದು. ಇಡೀ ವಿಮಾನವನ್ನು ನೀರಿನಲ್ಲಿ ಮುಳುಗಿಸಿ ನೋಡಿರೆಂದು ನಾನು ಕೇಳುತ್ತಿಲ್ಲ. ಸೋಮವಾರಕ್ಕೆ ಮುಂಚೆ ಪ್ರತಿಯೊಂದು ಚೀಲವನ್ನೂ ಪೋಷಕರ ಎದುರಿಗೆ ಬಿಚ್ಚಿಸಿ. ಮೂರು ಗೆರೆ ಕಂಡದ್ದನ್ನೆಲ್ಲ ಅಲ್ಲೇ ಸುಡಿಸಿ. ಅದಾಗುವ ತನಕ ಒಂದು ವಿಮಾನವೂ ನೆಲ ಬಿಡದಿರಲಿ. ಬೇಡವೆನ್ನುವುದಾದರೆ, ತೇಪೆ ಹಾಕಿದ ಆ ಪ್ಯಾರಾಚೂಟನ್ನು ಸೋಮವಾರ ಬೆಳಿಗ್ಗೆ ನನ್ನ ಮಗಳ ಮೈಗೆ ತಾವೇ ಬಂದು ಕಟ್ಟಿ. ಪಟ್ಟಿ ಬಿಗಿಯುವಾಗ ಅವಳ ಮುಖ ನೋಡಿ. ಎಲ್ಲ ಗೊತ್ತಿದ್ದೂ ಅವಳು ತಮಗೆ ನಮಸ್ಕಾರ ಹೇಳಿಯೇ ವಿಮಾನ ಹತ್ತುತ್ತಾಳೆ.

ಇಂತಿ,
ಸರ್ಕಾರಿ ಸ್ವತ್ತಿಗೆ ಹೆಬ್ಬೆರಳಿನಿಂದ ಹಾನಿ ಮಾಡಿದ ಅಪರಾಧಿ,
ವೃಷಭೇಂದ್ರಪ್ಪ
ಜವಳಿ ವ್ಯಾಪಾರಿ, ಚಿಕ್ಕಪೇಟೆ