ರೀಲು ಆರು, ಟೇಕು ಹದಿನಾಲ್ಕು

ಮನೆ, ಊಟದ ಮೇಜು
ಮಂಗಳವಾರ ಮಧ್ಯಾಹ್ನ

ಸೌಂಡ್ ಸಾಹೇಬರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಮಗಳು ಹೇಳಿದಳು, ಆದ್ದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನಿಮ್ಮ ವಿಳಾಸವನ್ನೂ ಅವಳೇ ಕೊಟ್ಟಳು, ನಾನಾಗಿ ಕೇಳಲಿಲ್ಲ. ಒಂಬತ್ತು ವರ್ಷವಾದ ಮೇಲೆ ಇದ್ದಕ್ಕಿದ್ದಂತೆ ಇವಳಿಗೇನು ಬಂತು ಎಂದು ಹುಬ್ಬೇರಿಸಬೇಡಿ. ಇದು ಕೆಲಸದ ಪತ್ರ.

ವಿಷಯ ಇಷ್ಟು. ನಾವು ನಮ್ಮ ಭಾಷೆಗೆ ಡಬ್ ಮಾಡಿದ್ದ ಆ ಅಂತರಿಕ್ಷದ ಸಿನಿಮಾ ಮತ್ತೆ ಬಿಡುಗಡೆಯಾಗುತ್ತಿದೆ. ಮೂವತ್ತೆಂಟು ವರ್ಷ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದ ರೀಲುಗಳನ್ನೂ ಟೇಪುಗಳನ್ನೂ ಹೊರತೆಗೆದು, ಧೂಳು ಕೊಡವಿ, ಚಿತ್ರ ಒಂದು ಕಡೆ ಧ್ವನಿ ಒಂದು ಕಡೆ ಸರಿಮಾಡುತ್ತಿದ್ದಾರೆ. ಧ್ವನಿಯ ಕೆಲಸ ಒಬ್ಬ ಹುಡುಗಿಯದು. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡೇ ಊಟ ಮಾಡುತ್ತಾಳೆ. ಆ ಕಾಲದಲ್ಲಿ ದನಿ ಕೊಟ್ಟವರ ಹೆಸರನ್ನು ಪರದೆಯ ಮೇಲೆ ಹಾಕುತ್ತಿರಲಿಲ್ಲವಲ್ಲ, ಈಗ ಹಾಕುತ್ತಾರಂತೆ. ಯಾರು ಯಾರ ದನಿ ಎಂದು ಹೇಳಲು ಬದುಕಿ ಉಳಿದವಳು ನಾನೊಬ್ಬಳೇ ಎಂದು ಯಾರೋ ಅವಳಿಗೆ ಹೇಳಿದರು. ಹೀಗೆ ನನಗೆ ಕರೆ ಬಂತು.

ಹೋದ ಗುರುವಾರ ಹೋಗಿ ಕೂತೆ. ಒಂದೊಂದೇ ದನಿ ಕೇಳಿಸಿದಳು, ಒಂದೊಂದೇ ಹೆಸರು ಬರೆಸಿದೆ. ಖಳನಾಯಕನಿಗೆ ದನಿ ಕೊಟ್ಟವರು ಹೋದರು. ಕ್ಯಾಪ್ಟನ್‌ಗೆ ಕೊಟ್ಟವರು ಹೋಗಿ ಹನ್ನೆರಡು ವರ್ಷ. ಯಂತ್ರಮಾನವನಿಗೆ ಕೊಟ್ಟವರು ಇದ್ದಾರೆ, ಆದರೆ ಮಾತೇ ನಿಂತುಹೋಗಿದೆ. ಆರನೆಯ ರೀಲಿಗೆ ಬಂದಾಗ ಹುಡುಗಿ ಟೇಪು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ, ಆಂಟಿ, ಈ ಒಂದು ಮಾತು ಮಾತ್ರ ಕ್ಯಾಪ್ಟನ್ ದನಿ ಅಲ್ಲ ಅಲ್ವಾ, ಇದು ಬೇರೆ ಯಾರೋ, ಅಂದಳು. ಮೂವತ್ತೆಂಟು ವರ್ಷ ಊರೂರಿನ ಜನ ಕೇಳಿದ ಮಾತು. ಒಬ್ಬರಿಗೂ ಗೊತ್ತಾಗಿರಲಿಲ್ಲ. ಇವಳ ಕಿವಿ ನಿಮ್ಮ ಕಿವಿಯಂಥದ್ದೇ.

ಆ ಮಾತಿರುವ ಜಾಗದಲ್ಲಿಯೇ ಟೇಪು ಸವೆದಿದೆ. ಅದನ್ನು ಮತ್ತೆ ರೆಕಾರ್ಡ್ ಮಾಡಬೇಕು, ಅದೇ ದನಿ ಬೇಕು. ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಸ್ಟುಡಿಯೊದ ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಮೂರೇ ಮೂರು ಪದ, ಅರ್ಧ ಗಂಟೆಯ ಕೆಲಸ. ನೀವು ಬರಬೇಕು.

ಕೆಲಸದ ಮಾತು ಮುಗಿಯಿತು. ಹಾಳೆ ಇನ್ನೂ ಅರ್ಧ ಖಾಲಿ ಇದೆ, ಹಾಗಾಗಿ ಬರೆಯುತ್ತಿದ್ದೇನೆ.

ಸಿನಿಮಾವನ್ನು ಭಾನುವಾರ ಪೂರ್ತಿ ನೋಡಿದೆ. ಪರೀಕ್ಷೆಗೆಂದು ಒಂದು ಬೆಳಗಿನ ಆಟ ಹಾಕಿದ್ದರು. ಕಾಲೇಜಿನ ಮಕ್ಕಳು ಐವತ್ತು ಅರವತ್ತು ಜನ, ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕದಲ್ಲಿ ಥಿಯೇಟರಿನ ಎಲೆಕ್ಟ್ರಿಶಿಯನ್. ಚಿತ್ರ ಎಷ್ಟು ಶುಭ್ರವಾಗಿದೆಯೆಂದರೆ ಮುಚ್ಚಿಟ್ಟಿದ್ದೆಲ್ಲ ಬಯಲಾಗಿದೆ. ರಾಕೆಟ್ಟನ್ನು ನೇತುಹಾಕಿದ ದಾರ ಕಾಣುತ್ತದೆ. ನಕ್ಷತ್ರಗಳ ಪರದೆ ಇಸ್ತ್ರಿಯಿಲ್ಲದ ಹೊದಿಕೆಯ ಹಾಗೆ ಸುಕ್ಕುಗಟ್ಟಿದೆ. ಖಳನಾಯಕ ಬಾಗಿಲು ತೆರೆದರೆ ನಗುತ್ತಾನೆ, ಮುಚ್ಚಿದರೂ ನಗುತ್ತಾನೆ. ಯಾವ ದೃಶ್ಯದಲ್ಲಿಯೂ ಯಾರೂ ಸುಮ್ಮನೆ ಒಂದು ಲೋಟ ನೀರು ಕುಡಿಯುವುದಿಲ್ಲ, ಕುಡಿದರೆ ಲೋಟವನ್ನು ಗೋಡೆಗೆ ಎಸೆಯುತ್ತಾರೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಾಯಕಿಯ ದನಿ ನನ್ನದೇ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದೊಂದು ಅನುಕೂಲ.

ಆಮೇಲೆ ಆರನೆಯ ರೀಲು ಬಂತು. ನಿಮಗೆ ನೆನಪಿಲ್ಲದೆ ಇರಲಾರದು. ಅಂತರಿಕ್ಷದ ದೊಡ್ಡ ಹಡಗಿಗೆ ಬೆಂಕಿ ಬಿದ್ದಿದೆ, ಎಲ್ಲರೂ ಚಿಕ್ಕ ದೋಣಿಯಲ್ಲಿದ್ದಾರೆ, ದೋಣಿಯ ಕೊಂಡಿ ಸಿಕ್ಕಿಹಾಕಿಕೊಂಡಿದೆ. ಕ್ಯಾಪ್ಟನ್ ಹೊರಗೆ ಹೋಗಿ ಕೊಂಡಿ ಬಿಡಿಸುತ್ತಾನೆ. ದೋಣಿ ಉಳಿಯುತ್ತದೆ, ಅವನು ಕತ್ತಲೆಯಲ್ಲಿ ತೇಲಿಹೋಗುತ್ತಾನೆ. ದೋಣಿ ನಡೆಸುವ ನಾಯಕಿ ರೇಡಿಯೊ ಹಿಡಿದುಕೊಂಡು, ಹೋಗಬೇಡ, ನನ್ನಾಣೆ, ಹೋಗಬೇಡ ಎಂದು ಅರಚುತ್ತಾಳೆ. ಪಿಟೀಲುಗಳು ಒಂದು ಡಜನ್. ಮುಂದಿನ ಸಾಲಿನಲ್ಲಿ ಯಾರೋ ನಗಲು ಬಾಯಿ ತೆರೆದರು. ಅಷ್ಟರಲ್ಲಿ ರೇಡಿಯೊದಲ್ಲಿ ಆ ಸಣ್ಣ ದನಿ ಬಂತು, ಇಲ್ಲೇ ಇದ್ದೀನಿ, ಅಳಬೇಡ. ತೆರೆದ ಬಾಯಿ ಮುಚ್ಚಿಕೊಂಡಿತು. ಎಲೆಕ್ಟ್ರಿಶಿಯನ್ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ, ಸುಳ್ಳು ಅಂತ ಗೊತ್ತಮ್ಮ, ಆದ್ರೂ ನೋಡಿ, ಎಂದು ಸಂಕೋಚದಿಂದ ಹೇಳಿದರು.

ಈ ದೃಶ್ಯವನ್ನು ಕಂಡರೆ ನನಗೆ ಎಷ್ಟು ತಾತ್ಸಾರವಿತ್ತು ಎಂಬುದು ನಿಮಗೆ ಗೊತ್ತು. ಆವತ್ತು ಡಬ್ಬಿಂಗಿನಲ್ಲಿ ಬೆಳಿಗ್ಗೆಯಿಂದ ಅದೊಂದೇ ತುಣುಕು. ತುಣುಕಿನ ಎರಡು ತುದಿ ಅಂಟಿಸಿ ಸುತ್ತುಹಾಕಿ, ತುಟಿಗೆ ಮಾತು ಕೂಡುವ ತನಕ ಓಡಿಸುತ್ತಲೇ ಇದ್ದರು. ಅವಳು ಅಳುತ್ತಾಳೆ, ಮುಗಿಯುತ್ತದೆ, ಮತ್ತೆ ಅಳುತ್ತಾಳೆ. ಸಂಭಾಷಣೆ ಬರೆದಿದ್ದ ಮೇಷ್ಟ್ರನ್ನು ನಾನು, ಸಾರ್, ಅವನೇನು ಬೇಕೂಂತ ಹೋಗ್ತಿದ್ದಾನಾ, ತೇಲಿಹೋಗ್ತಿದ್ದಾನೆ, ಹೋಗಬೇಡ ಅಂದ್ರೆ ಏನು ಮಾಡಬೇಕು ಪಾಪ, ಅಂತ ಕೇಳಿದೆ. ಮೇಷ್ಟ್ರು, ಅಮ್ಮಾ, ಲಾಜಿಕ್ ಎಲ್ಲ ಮನೇಲಿಟ್ಟು ಬಾ, ಅಂದರು. ಹದಿಮೂರು ಟೇಕು ಆಯಿತು. ತುಟಿ ಕೂಡಿತು, ಕಣ್ಣೀರು ಮಾತ್ರ ಬರಲಿಲ್ಲ. ಮನುಷ್ಯರು ಹೀಗೆಲ್ಲ ಅರಚುವುದಿಲ್ಲ ಎಂಬುದು ನನ್ನ ಖಂಡಿತವಾದ ಅಭಿಪ್ರಾಯವಾಗಿತ್ತು. ಗಾಜಿನ ಆಚೆ ನೀವು ಬರೀ ಗುಂಡಿಗಳನ್ನು ನೋಡುತ್ತ ಕೂತಿದ್ದಿರಿ. ಎರಡು ವರ್ಷದಿಂದ ದಿನಾ ಅದೇ ಗಾಜು, ಆಚೆ ನೀವು, ಈಚೆ ನಾನು.

ಆಗ ಮೇಷ್ಟ್ರು ಒಂದು ಮಾತು ಹೇಳಿದರು. ಇವತ್ತೇ ಮುಗಿಸಮ್ಮ, ಶನಿವಾರದಿಂದ ಹೊಸ ರೆಕಾರ್ಡಿಸ್ಟ್ ಬರ್ತಾನೆ, ಇವ್ರು ಬೇರೆ ಊರಿಗೆ ಹೊರಟ್ರು, ಅವನಿಗೆ ಇದನ್ನೆಲ್ಲ ಮೊದಲಿಂದ ಹೇಳೋಕೆ ನನ್ನ ಕೈಲಿ ಆಗಲ್ಲ, ಅಂದರು. ನೀವು ಹೊರಡುತ್ತಿರುವ ಸುದ್ದಿ ನನಗೆ ತಿಳಿದದ್ದು ಹಾಗೆ. ಕೆಂಪು ದೀಪ ಹತ್ತಿತು. ಹದಿನಾಲ್ಕನೆಯ ಟೇಕಿನಲ್ಲಿ ನಾನು ಪರದೆ ನೋಡಲಿಲ್ಲ, ತುಟಿ ನೋಡಲಿಲ್ಲ. ಹೋಗಬೇಡ ಎಂದೆ.

ಕೆಂಪು ದೀಪ ಹತ್ತಿದಾಗ ಟಾಕ್‌ಬ್ಯಾಕ್ ಗುಂಡಿ ಒತ್ತಬಾರದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ. ಒತ್ತಿದರೆ ಗಾಜಿನ ಆಚೆಯವರ ಮಾತು ಈಚೆಯ ಪುಟ್ಟ ಸ್ಪೀಕರಿನಲ್ಲಿ ಬಂದು, ಮೈಕಿಗೆ ಬಿದ್ದು, ಟೇಕು ಹಾಳಾಗುತ್ತದೆ. ಹನ್ನೊಂದು ವರ್ಷದ ಅನುಭವವಿದ್ದ ನೀವು ಅದನ್ನು ಒತ್ತಿದಿರಿ. ಇಲ್ಲೇ ಇದ್ದೀನಿ, ಅಳಬೇಡ. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಬಂದ ಆ ದನಿ ಥೇಟ್ ಬಾಹ್ಯಾಕಾಶದ ರೇಡಿಯೊ. ಮೂಲ ಸಿನಿಮಾದಲ್ಲಿ ಅಲ್ಲಿ ಮಾತೇ ಇಲ್ಲ, ಬರೀ ಮೌನ. ಮೇಷ್ಟ್ರು, ಇರಲಿ ಬಿಡಿ, ಇದು ನನಗೆ ಹೊಳೆದಿರಲಿಲ್ಲ, ಅಂದರು. ಸಿನಿಮಾ ನೂರು ದಿನ ಓಡಿದ ಮೇಲೆ ಅದು ಅವರಿಗೇ ಹೊಳೆದದ್ದಾಯಿತು, ಅದು ಬೇರೆ ಮಾತು.

ನೀವು ರಾಜೀನಾಮೆಯ ಕಾಗದವನ್ನು ಹರಿದುಹಾಕಿದಿರಿ. ಮುಂದಿನ ವರ್ಷ ಮದುವೆಯಾಯಿತು. ಆ ಟೇಕಿನ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ನೀವು ನನ್ನನ್ನು ಕಲ್ಲುಸಕ್ಕರೆ ಎಂದು ಕರೆಯಲು ಶುರುಮಾಡಿದಿರಿ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬಂಗಾರಕ್ಕೆ ಯಾವತ್ತೂ ಕೊರತೆಯಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆಯ ಬಗ್ಗೆ ನನಗೂ ಹೇಳುವುದಿದೆ. ಸ್ಟುಡಿಯೊ ಮುಚ್ಚಿತು, ರೇಡಿಯೊ ಕೇಂದ್ರದ ಹಳೆಯ ಟೇಪುಗಳನ್ನು ಕಾಪಾಡುವ ಕೆಲಸ ದೂರದ ಊರಿನಲ್ಲಿ ಸಿಕ್ಕಿತು, ನೀವು ಒಪ್ಪಿಕೊಂಡಿರಿ. ಒಪ್ಪಿಕೊಂಡ ಮೇಲೆ ನನಗೆ ತಿಳಿಸಿದಿರಿ. ಎರಡನೆಯ ಸಲವೂ ನಿಮ್ಮ ಸುದ್ದಿ ನನಗೆ ಕೊನೆಯಲ್ಲಿ ತಲುಪಿತು. ಅದಕ್ಕೆ ನನಗೆ ಸಿಟ್ಟು ಬಂದಿತ್ತು, ಆ ಸಿಟ್ಟು ನ್ಯಾಯವಾದದ್ದೇ, ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ನೀವು ಪೆಟ್ಟಿಗೆಯನ್ನು ಹೊಸ್ತಿಲ ಹೊರಗಿಟ್ಟು ನಿಂತಿರಿ. ಏನಾದ್ರೂ ಹೇಳೋದಿದ್ಯಾ ಎಂದು ಕೇಳಿದಿರಿ. ನಾನು ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಛತ್ರಿ ಮರೀಬೇಡಿ, ಅಂದೆ. ನೀವು ಮೊಳೆಗೆ ನೇತುಹಾಕಿದ್ದ ಛತ್ರಿ ತೆಗೆದುಕೊಂಡು ಹೋದಿರಿ. ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು, ಮಧ್ಯದಲ್ಲಿ ಒಂದು ಸಲ ನಿಂತಿತು, ಮತ್ತೆ ಇಳಿಯಿತು. ನಾನು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿದೆ.

ಭಾನುವಾರ ಥಿಯೇಟರಿನಲ್ಲಿ ಕೂತು ಆ ಹೆಂಗಸು ಅರಚುವುದನ್ನು ಕೇಳುತ್ತಿದ್ದಾಗ ನನಗೆ ನಗು ಬರಲಿಲ್ಲ. ದುಃಖವಾಯಿತು, ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ದಾರಕ್ಕೆ ನೇತುಹಾಕಿದ ಡಬ್ಬಿಯೊಳಗೆ ಕೂತವಳು, ಬಣ್ಣದ ದೀಪಗಳ ಮಧ್ಯೆ, ಯಾರು ನೋಡುತ್ತಾರೋ ನಗುತ್ತಾರೋ ಎಂದು ಒಂದಿಷ್ಟೂ ಯೋಚಿಸದೆ ಕೂಗಿಬಿಟ್ಟಳು. ನಾನು ಬಟ್ಟೆ ಮಡಿಸಿದೆ. ಅತಿ ಮಾಡುತ್ತಾಳೆ ಎಂದು ಮೂವತ್ತೆಂಟು ವರ್ಷ ಅವಳನ್ನು ಆಡಿಕೊಂಡೆ, ನನ್ನ ಮೌನವೂ ಅತಿಯೇ ಎಂದು ನನಗೆ ಯಾರೂ ಹೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಆಟ ಮುಗಿದ ಮೇಲೆ ಹೊರಗೆ ಬಂದು ಟ್ಯಾಕ್ಸಿಗೆ ಕಾಯುತ್ತಿದ್ದೆ. ಮಗಳಿಗೆ ಫೋನ್ ಮಾಡಿದೆ. ಮೇಲೆ ನಾನಾಗಿ ಕೇಳಲಿಲ್ಲ ಎಂದು ಬರೆದಿದ್ದೇನೆ, ಅದನ್ನು ತಿದ್ದಿಕೊಳ್ಳಿ. ವಿಳಾಸವನ್ನು ನಾನೇ ಕೇಳಿದೆ. ಅವಳು ಯಾಕಮ್ಮ ಎನ್ನಲಿಲ್ಲ, ಬರ್ಕೋ ಅಂದಳು. ಅವಳೂ ನಿಮ್ಮ ಹಾಗೆಯೇ, ಕೇಳಬೇಕಾದದ್ದನ್ನು ಕೇಳುವುದಿಲ್ಲ. ನನ್ನ ಹಾಗೆ ಎಂದೂ ಹೇಳಬಹುದು.

ಮನೆ ಇದ್ದ ಹಾಗೆಯೇ ಇದೆ. ನಿಮ್ಮ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದೇನೆ, ತೆಗೆಯುವುದು ಕಷ್ಟವೇನಲ್ಲ. ಬಾಗಿಲ ಹತ್ತಿರದ ಮೊಳೆ ಹಾಗೇ ಇದೆ. ಕೆಳಗಿನ ಮನೆಯವರು ಈಗಲೂ ರೇಡಿಯೊವನ್ನು ಜೋರಾಗಿ ಹಾಕುತ್ತಾರೆ, ನೀವಿದ್ದಿದ್ದರೆ ಹೋಗಿ ಅದರ ಖರಖರ ಸರಿಮಾಡಿಕೊಟ್ಟು ಬರುತ್ತಿದ್ದಿರಿ.

ಶನಿವಾರ, ಹನ್ನೊಂದು ಗಂಟೆ. ಮರೆಯಬೇಡಿ.

ಇಂತಿ,
ಕಲ್ಲು
(ಸಕ್ಕರೆಯನ್ನೂ ಸೇರಿಸಿ ಹೇಳುತ್ತಿದ್ದವರು ನೀವೊಬ್ಬರೇ)

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಟೇಪು ಸವೆದಿಲ್ಲ. ನಿಮ್ಮ ಆ ಮೂರು ಪದ ಇಡೀ ಸಿನಿಮಾದಲ್ಲಿಯೇ ಅತ್ಯಂತ ಸ್ಪಷ್ಟವಾಗಿವೆ, ಹುಡುಗಿ ಮುಟ್ಟುವುದಕ್ಕೂ ಹೋಗಿಲ್ಲ. ಶನಿವಾರ ಸ್ಟುಡಿಯೊಗೆ ರಜ. ಹಿಂಬದಿಯಲ್ಲಿ ಬರೆದಿರುವ ವಿಳಾಸ ಸ್ಟುಡಿಯೊದ್ದಲ್ಲ, ನಮ್ಮ ಮನೆಯದು, ನೋಡಿದ ಕೂಡಲೇ ನಿಮಗೆ ಗೊತ್ತಾಗಿರುತ್ತದೆ. ನಿಮಗೆ ಹೇಳಲು ಏನೂ ಇಲ್ಲದಿದ್ದರೂ ಪರವಾಗಿಲ್ಲ, ಬನ್ನಿ, ಈ ಸಲ ಮಾತು ನನ್ನದು. ಹದಿನಾಲ್ಕು ಟೇಕು ಬೇಕಾಗುವುದಿಲ್ಲ. ಛತ್ರಿಯನ್ನೂ ತನ್ನಿ.