ಲಟ್ಟಣಿಗೆಗೆ ಸುತ್ತಿದ ಪಾಲಿಶ್ ಪೇಪರ್

ಮಂಗಳವಾರ, ೨೧ ಜನವರಿ ೨೦೨೫

ಬೇರಿಂಗಿನಲ್ಲಿ ದೋಷವಿರಲಿಲ್ಲ. ಅದನ್ನು ಅಂಗಡಿಯಲ್ಲೇ ಹೇಳಬೇಕಿತ್ತು.

ನಮ್ಮ ಓಣಿಯ ರಾಜಮತಿಯ ಹಿಟ್ಟಿನ ಗಿರಣಿಯಲ್ಲಿ ಬೇರಿಂಗ್ ಕೂರುವ ತೂತಿಗೆ ತುಕ್ಕು ಹಿಡಿದಿತ್ತು. ಲೇತಿನವರು ದುಡ್ಡು ಸುಲಿಯುತ್ತಾರೆ, ನಾನೇ ಮಾಡಿಕೊಡುತ್ತೇನೆ ಎಂದೆ. ಮನೆಯ ಲಟ್ಟಣಿಗೆಯನ್ನು ಸೀಳಿ, ಪಾಲಿಶ್ ಪೇಪರ್ ಸಿಕ್ಕಿಸಿ ಸುತ್ತಿ, ಅದರ ಹಿಡಿಯನ್ನು ಡ್ರಿಲ್ಲಿಗೆ ಹಾಕಿ ತಿರುಗಿಸಿದೆ. ತುಕ್ಕು ಹೋಯಿತು. ಕನ್ನಡಿಯಂತಾಗಲಿ ಎಂದು ಇನ್ನಷ್ಟು ತಿರುಗಿಸಿದೆ. ಲಟ್ಟಣಿಗೆಯ ನಡು ದಪ್ಪ ಎಂಬುದು ಹೊಳೆಯಲೇ ಇಲ್ಲ. ತೂತಿನ ಬಾಯಿ ಅಗಲವಾಯಿತು.

ಇವತ್ತು ಅವಳ ಜೊತೆ, ಅವಳು ಹೊಸ ಬೇರಿಂಗ್ ಕೊಂಡಿದ್ದ ಇಮಾಮಸಾಬನ ಅಂಗಡಿಗೆ ಹೋದೆ.

“ಮಾಮಾ, ಡುಪ್ಲಿಕೇಟ ಮಾಲ ಕೊಟ್ಟೀರಿ. ಬೇರಿಂಗ ಗಡಗಡ ಅಲಗ್ಯಾಡಾಕತ್ತೈತಿ,” ಎಂದಳು.

“ತೂತ ದೊಡ್ಡದಾಗಿರಬೇಕವಾ. ಯಾರ ತಿಕ್ಕ್ಯಾರ?”

“ನಮ್ಮ ಕಾಕಾ. ಪೇಪರಿಗೆ ಬರಿಯೂ ಮಂದಿ ಅವರು, ನಿಮ್ಮಂಗ ಅಲ್ಲ.”

ಕಲಬೆರಕೆಯ ವಿರುದ್ಧ ಪತ್ರಿಕೆಗಳಿಗೆ ಬರೆಯುತ್ತಲೇ ಮುದುಕನಾದವನು ನಾನು. ನಲವತ್ತು ವರ್ಷದ ಹಿಂದೆ ಎಣ್ಣೆ ಕೆಡಿಸಿದವರ ಹೆಸರು ಇನ್ನೂ ನೆನಪಿದೆ. ನಾನು ಹೇಳಿದ್ದು ಇಷ್ಟು: “ಈಗಿನ ಮಾಲ ಹಂಗನ ಬಿಡವಾ.”

ಇಮಾಮಸಾಬ ನನ್ನನ್ನೊಮ್ಮೆ ನೋಡಿ, ಬೇರೆ ಬೇರಿಂಗ್ ಕೊಟ್ಟ. ಅದೂ ಕೂರುವುದಿಲ್ಲ. ನಾಳೆ ಅವಳು ಊರ ಮುಂದೆ ಮತ್ತೆ ಅವನನ್ನೇ ಕಳ್ಳ ಅನ್ನುತ್ತಾಳೆ.

ಊಟದ ಹೊತ್ತಿಗೆ ಹೆಂಡತಿ, “ಲಟ್ಟಣಿಗಿ ಎಲ್ಲೈತ್ರಿ?” ಎಂದಳು. “ನನಗೇನ ಗೊತ್ತ,” ಎಂದೆ. ಇದು ಇವತ್ತಿನ ಎರಡನೆಯ ಸುಳ್ಳು.

ನಾಳೆ ಗಿರಣಿ ತೆರೆಯುವ ಮೊದಲೇ ರಾಜಮತಿಯ ಮನೆಗೆ ಹೋಗಬೇಕು. ಲಟ್ಟಣಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ. ಇಲ್ಲದಿದ್ದರೆ ಅಲ್ಲಿಯೂ ನಾನು ಈಗಿನ ಮಾಲಿನ ಬಗ್ಗೆಯೇ ಮಾತಾಡಿ ಬಂದುಬಿಡುತ್ತೇನೆ.