ಮಾಳಿಗೆಯ ಮೇಲಿನ ಹೊಸ ಮಣ್ಣು

ಹಡಗಲಿ
9-10-1993

ಕೊಟ್ಟೂರಿನ ಯಜಮಾನರಿಗೆ, ಕೋಮಲಾ ಮಾಡುವ ನಮಸ್ಕಾರಗಳು.

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಜೂನ್‌ನಲ್ಲಿ ಇಲ್ಲಿನ ಹೈಸ್ಕೂಲಿನ ಕೆಲಸಕ್ಕೆ ಹೊರಟು ನಿಂತಾಗ ಮುಖ ತಿರುಗಿಸಿದವರು ನೀವು, ಇಲ್ಲಿಯತನಕ ಒಂದು ಸಾಲು ಬರೆದಿಲ್ಲ. ಬಿಗುಮಾನಕ್ಕೆ ನಾನೂ ಬರೆಯಲಿಲ್ಲ. ಈಗಲೂ ಬರೆಯುತ್ತಿರುವುದು ನಿಮಗಾಗಿ ಅಲ್ಲ, ಮಗಳಿಗಾಗಿ.

ನಿನ್ನೆ ಮಾರುಕಟ್ಟೆಯಲ್ಲಿ ನಮ್ಮ ಓಣಿಯ ಗಾಳೆಪ್ಪ ಸಿಕ್ಕಿದ್ದ. ಲಾತೂರಿನ ಕಡೆ ಭೂಕಂಪವಾದ ಸುದ್ದಿ ಬಂದ ಮೇಲೆ ನಮ್ಮ ಮಾಳಿಗೆಯ ಮೇಲೆ ಬಂಡಿಗಟ್ಟಲೆ ಹೊಸ ಮಣ್ಣು ಹೇರಿಸಿದ್ದೀರಂತೆ. ಯಾಕಪ್ಪಾ ಎಂದರೆ, "ಭಾರ ಇದ್ರ ಮನಿ ಅಳ್ಳಾಡಂಗಿಲ್ರಿ ಅಕ್ಕಾರ" ಎಂದು ನನಗೇ ಬುದ್ಧಿ ಹೇಳಿದ. ಆರಿಸಿಟ್ಟ ಬದನೆಕಾಯಿ ಅಲ್ಲೇ ಬಿಟ್ಟು ಬಂದೆ. ಮಳೆಗಾಲಕ್ಕೆ ಮುಂಚೆ ಸೋರದ ಹಾಗೆ ನಾಲ್ಕು ಬುಟ್ಟಿ ಸವಳು ಮಣ್ಣು ಹಾಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಭೂಕಂಪಕ್ಕೆ ಹೆದರಿ ತಲೆಯ ಮೇಲೆ ಮಣ್ಣು ಹೇರಿಕೊಳ್ಳುವ ಜಾಣತನ ನಮ್ಮ ಮನೆಯದೇ ಇರಬೇಕು.

ಈ ವಾರ ಒಂಬತ್ತನೇ ತರಗತಿಗೆ ನೆಲ ಯಾಕೆ ನಡುಗುತ್ತದೆ ಎಂಬ ಪಾಠ ಮಾಡಿದೆ. ಹಳೆಯ ಭೂಪಟದಿಂದ ಆಫ್ರಿಕಾ, ದಕ್ಷಿಣ ಅಮೆರಿಕ ಕತ್ತರಿಸಿ ಮೇಜಿನ ಮೇಲೆ ಹತ್ತಿರ ಸರಿಸಿದರೆ, ಹರಿದ ರೊಟ್ಟಿಯ ಎರಡು ತುಂಡಿನಂತೆ ಕೂಡಿಕೊಂಡವು. ದಂಡೆ ಕೂಡಿದ್ದು ಆಕಸ್ಮಿಕ ಅನ್ನಿ. ಆದರೆ ಸಿಹಿನೀರಿನಲ್ಲಿ ಬದುಕುತ್ತಿದ್ದ ಹಲ್ಲಿಯಂಥ ಒಂದು ಪ್ರಾಣಿಯ ಪಳೆಯುಳಿಕೆ ಎರಡೂ ಕಡೆ ಸಿಕ್ಕಿದೆಯಲ್ಲ, ಅದೇನು ಉಪ್ಪಿನ ಸಮುದ್ರ ಈಜಿ ದಾಟಿತೇ? ಒಂದೇ ಜಾತಿಯ ಗಿಡದ ಎಲೆಯ ಅಚ್ಚು ನಮ್ಮ ದೇಶದ ಕಲ್ಲಿನಲ್ಲೂ ಇದೆ, ದಕ್ಷಿಣ ಧ್ರುವದ ಕಲ್ಲಿನಲ್ಲೂ ಇದೆ. ಒಂದಾಗಿದ್ದ ನೆಲ ಒಡೆದು ದೊಡ್ಡ ದೊಡ್ಡ ಫಲಕಗಳಾಗಿ ಸರಿಯಿತು. ನಮ್ಮ ಫಲಕ ಉತ್ತರಕ್ಕೆ ಬಂದು ಏಷ್ಯಾಕ್ಕೆ ಒತ್ತಿದ್ದಕ್ಕೇ ಹಿಮಾಲಯ ಎದ್ದದ್ದು. ಅಷ್ಟು ಎತ್ತರದ ಕಲ್ಲುಗಳಲ್ಲಿ ಕಡಲಿನ ಚಿಪ್ಪುಗಳಿವೆ. ಮೈಲಮ್ಮ ಎಂಬ ಹುಡುಗಿ ಎದ್ದು, "ಹಂಗಾರ ನಮ್ಮ ಹಡಗಲಿನೂ ನಡೀತೈತೇನ್ರಿ ಟೀಚರ್?" ಎಂದಳು. ವರ್ಷಕ್ಕೆ ಮೂರು ಬೆರಳಗಲ ನಡೆಯುತ್ತಿದೆ, ಕೊಟ್ಟೂರೂ ಜೊತೆಗೇ ಹೊರಟಿದೆ ಎಂದೆ. ನಿಮ್ಮ ನೆನಪಾಗಿ ನಗು ಬಂತು. ಹೊಸ್ತಿಲು ದಾಟಬೇಡ ಎಂದವರನ್ನು ನೆಲವೇ ಹೊತ್ತುಕೊಂಡು ನಡೆಯುತ್ತಿದೆ.

ಆ ಒತ್ತಡ ಇನ್ನೂ ನಿಂತಿಲ್ಲ. ನಾಡಿನ ಒಳಗಿರುವ ಹಳೆಯ ಬಿರುಕುಗಳಲ್ಲಿ ಕೂಡಿಕೊಳ್ಳುತ್ತಾ ಹೋಗಿ ಒಂದು ದಿನ ತಟಕ್ಕನೆ ಜಾರುತ್ತದೆ. ಯಾವ ಊರು, ಯಾವ ದಿನ ಎಂದು ಯಾರೂ ಹೇಳಲಾರರು. ನಮ್ಮಲ್ಲಿ ಎಂದೂ ಆಗದೇ ಇರಬಹುದು. ಆದರೆ ಪೇಪರಿನ ಫೋಟೋ ನೋಡಿದಿರಾ? ಅಲ್ಲಿ ಜನರನ್ನು ಕೊಂದದ್ದು ಕಲ್ಲುಗೋಡೆ, ಮಾಳಿಗೆಯ ಮಣ್ಣು. ಥೇಟ್ ನಮ್ಮ ಪಡಸಾಲೆ. ಅಲ್ಲಿ ನಮ್ಮ ಯಶೋಧಾ ಮಲಗುತ್ತಾಳೆ. ಇಲ್ಲಿ ಗಾಳಿಗೆ ಕಿಟಕಿ ಬಡಿದರೂ ನಾನು ಎದ್ದು ಹೊರಗೆ ಓಡುತ್ತೇನೆ.

ಆ ಮಣ್ಣು ಇಳಿಸಿ. ಅಲ್ಲಿಯತನಕ ಮಗಳನ್ನು ಒಳಗೆ ಮಲಗಿಸಬೇಡಿ. ಆಗುವುದಿಲ್ಲ ಎಂದರೆ ಮುಂದಿನ ಶನಿವಾರ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ. ಆಮೇಲೆ ಕೊಟ್ಟೂರಿನ ಕಡೆ ನಾನು ತಿರುಗಿಯೂ ನೋಡುವುದಿಲ್ಲ.

ಇಂತಿ,
ಕೋಮಲಾ

ಕೊಟ್ಟೂರು
13-10-1993

ಕೋಮಲಾಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಂಗಡಿಯಲ್ಲಿ ಗಿರಾಕಿ ಇದ್ದಾಗ ಒಡೆಯಬಾರದಿತ್ತು. ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟೆ.

ಗಾಳೆಪ್ಪನ ಮಾತು ಅರ್ಧ ನಿಜ. ಮಣ್ಣು ಹೇರಿಸಿದ್ದು ಅವ್ವ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಬಂಡಿ ಖಾಲಿಯಾಗಿತ್ತು. ಇಳಿಸೋಣ ಎಂದದ್ದಕ್ಕೆ, "ನಿನ್ ಹೇಣ್ತಿ ಹೋದಾಗಿಂದ ಮನಿ ಹಗುರಾಗೈತಿ, ಅದಕ್ಕ ಹೇರಿಸೀನಿ" ಎಂದಳು. ತೆಗೆದುಕೊಂಡಿದ್ದ ಸಲಿಕೆಯನ್ನು ತಿರುಗಿ ಮೂಲೆಗಿಟ್ಟೆ.

ನೀನು ನೌಕರಿಗೆ ಹೋದದ್ದು ತಪ್ಪೆಂದು ಈಗಲೂ ಅನ್ನುತ್ತೇನೆ. ಶನಿವಾರ ಬರುವುದಾದರೆ ಬಾ. ಮಗಳನ್ನು ಕರೆದೊಯ್ಯುವ ಮಾತು ಮಾತ್ರ ಬೇಡ, ಅವಳೂ ಇಲ್ಲದೆ ನನ್ನಿಂದಾಗದು.

ಇಂತಿ,
ಕೊಟ್ರಬಸಪ್ಪ

ತಾ.ಕ.: ಮಣ್ಣು ಬಿದ್ದ ದಿನದಿಂದ ಯಶೋಧಾ ಒಳಗೆ ಮಲಗಿಲ್ಲ. ಸೆಕೆ ಎಂದು ಸುಳ್ಳು ಹೇಳಿ ಅಂಗಳದಲ್ಲಿ ನನ್ನ ಪಕ್ಕ ಮಲಗಿಸಿಕೊಳ್ಳುತ್ತಿದ್ದೇನೆ. ನಾಯಿ ಮೈ ಕೊಡವಿದರೂ ನೆಲ ಮುಟ್ಟಿ ನೋಡುತ್ತೇನೆ. ಅವ್ವ ಮಾತ್ರ ಪಡಸಾಲೆ ಬಿಟ್ಟು ಏಳುತ್ತಿಲ್ಲ. ಎಷ್ಟು ಕರೆದರೂ ಒಂದೇ ಮಾತು: "ಕೋಮಲಾ ಬಂದು ಕರೀಲಿ, ಬರ್ತೀನಿ."